ಉಣ್ಣುವ ಬಾಯಿಗೆ ಈಡಿಲ್ಲ

ಜಯಕರ ಶೆಟ್ಟಿ ಅಮೆರಿಕಕ್ಕೆ ಹೋದದ್ದು ಹೆಂಡತಿಯ ಸೆರಗು ಹಿಡಿದುಕೊಂಡು. ಬೇರೆಯವರು ಆಡಿಕೊಳ್ಳುವ ಮುಂಚೆ ಈ ಮಾತನ್ನು ಅವನೇ ಹೇಳಿ ನಕ್ಕುಬಿಡುತ್ತಿದ್ದ. ಮಂಗಳೂರಿನಲ್ಲಿ ನರ್ಸಾಗಿದ್ದ ರತ್ನಾವತಿಗೆ ಎಪ್ಪತ್ತನಾಲ್ಕರಲ್ಲಿ ಸ್ಯಾನ್ ಹೋಸೆಯ ಆಸ್ಪತ್ರೆಯೊಂದರಿಂದ ಕರೆ ಬಂತು. ಅವಳ ಕಾಗದಪತ್ರದಲ್ಲಿ ಗಂಡನ ಹೆಸರಿಗೆ ಒಂದು ಸಾಲು ಬಿಟ್ಟಿದ್ದರಲ್ಲ, ಆ ಸಾಲಿನಲ್ಲಿ ಕೂತು ಇವನೂ ವಿಮಾನ ಹತ್ತಿದ. ಓದಿದ್ದು ಏಳನೇ ಕ್ಲಾಸು. ಕಲಿತದ್ದು ತನ್ನೂರು ಬಜಗೋಳಿಯ ಅಕ್ಕಿ ಗಿರಣಿಯಲ್ಲಿ, ಇಂಜಿನ್ನಿನ ಹೊಟ್ಟೆ ಬಗೆದು, ಎಣ್ಣೆ ಮೈಗೆಲ್ಲ ಬಳಿದುಕೊಂಡು.

ಸ್ಯಾನ್ ಹೋಸೆಯಲ್ಲಿ ಆಗ ಹಣ್ಣು ಡಬ್ಬಿಗೆ ತುಂಬುವ ಕಾರ್ಖಾನೆಗಳು ಇನ್ನೂ ಇದ್ದವು. ಅಂಥದ್ದೊಂದರಲ್ಲಿ ಅವನು ನೆಲ ಗುಡಿಸುವ ಕೆಲಸಕ್ಕೆ ಸೇರಿದ. ಒಂದು ದಿನ ಹಣ್ಣು ಸಾಗಿಸುವ ಬೆಲ್ಟು ನಿಂತುಹೋಯಿತು. ಮೂವರು ಮೆಕ್ಯಾನಿಕ್ಕುಗಳು ಪುಸ್ತಕ ಹಿಡಿದು ಸುತ್ತ ನಿಂತಿದ್ದರು. ಇವನು ಪೊರಕೆ ಗೋಡೆಗೆ ಒರಗಿಸಿ, ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಿಟ್ಟುಕೊಂಡು ಅದರ ಮೊನೆಯನ್ನು ಒಂದೊಂದೇ ಬೇರಿಂಗಿಗೆ ತಾಗಿಸಿ, ಚಕ್ರ ಕೈಯಿಂದ ತಿರುಗಿಸುತ್ತ ಹೋದ. ಏಳನೆಯದರ ಹತ್ತಿರ ನಿಂತು, "ಇದು ಅಳ್ತಾ ಉಂಟು" ಅಂದ. ಬಿಚ್ಚಿ ನೋಡಿದರೆ ಗುಂಡುಗಳು ಪುಡಿಯಾಗಿದ್ದವು. ಮೂರು ವರ್ಷದಲ್ಲಿ ಅವನೇ ಮೆಕ್ಯಾನಿಕ್ಕಾದ. ಉಳಿದವರು ಪುಸ್ತಕ ನೋಡಿ ಯಂತ್ರ ಬಿಚ್ಚುತ್ತಿದ್ದರು. ಅವನು ಯಂತ್ರ ನೋಡಿ ಪುಸ್ತಕ ಓದುವುದನ್ನು ಕಲಿತ.

ಊರಂಚಿನ ಎವರ್‌ಗ್ರೀನ್ ಬಡಾವಣೆಯಲ್ಲಿ ಮನೆ ಮಾಡಿದ ಮೇಲೂ ನಮ್ಮವರ ನಡುವೆ ಅವನ ಹೆಸರು 'ರತ್ನಾವತಿ ಸಿಸ್ಟರ ಗಂಡ' ಅಂತಲೇ. ವಾರಾಂತ್ಯದ ಊಟಗಳಲ್ಲಿ ಇಂಜಿನಿಯರುಗಳು ಕಂಪ್ಯೂಟರ್ ಚಿಪ್ಪಿನ ಮಾತು, ಡಾಕ್ಟರುಗಳು ಷೇರಿನ ಮಾತು ಆಡುವಾಗ ಅವನು ಹಿತ್ತಲಿಗೆ ಹೋಗಿ ಎದುರಿನ ಬೆಟ್ಟ ನೋಡುತ್ತ ನಿಲ್ಲುತ್ತಿದ್ದ. ಬೇಸಿಗೆಯಲ್ಲಿ ಆ ಬೆಟ್ಟಗಳು ಒಣಹುಲ್ಲಿನಿಂದ ಸಿಂಹದ ಮೈಯ ಬಣ್ಣಕ್ಕೆ ತಿರುಗುತ್ತವೆ. ಅಲ್ಲಲ್ಲಿ ಓಕ್ ಮರದ ಕಪ್ಪು ಮಚ್ಚೆ. ಅಲ್ಲಿ ಜಿಂಕೆ ಇರಲೇಬೇಕು ಅಂತ ಅವನ ಮೂಗು ಹೇಳುತ್ತಿತ್ತು.

ಎಂಬತ್ತೊಂದರ ಒಂದು ಭಾನುವಾರ ಆ ಬೆಟ್ಟದ ರಸ್ತೆಯಲ್ಲಿ ಮುದುಕನೊಬ್ಬ ಕೆಟ್ಟುನಿಂತ ಜೀಪಿಗೆ ಪೋರ್ಚುಗೀಸಿನಲ್ಲಿ ಬಯ್ಯುತ್ತಿದ್ದ. ಜಯಕರನಿಗೆ ಭಾಷೆ ತಿಳಿಯಲಿಲ್ಲ, ಬೈಗುಳ ತಿಳಿಯಿತು. ಕಾರು ನಿಲ್ಲಿಸಿ ಇಳಿದು, ಒಂದು ತುಂಡು ತಂತಿಯಲ್ಲಿ ಜೀಪು ಹೊರಡಿಸಿಕೊಟ್ಟ. ಮುದುಕ ಸಿಲ್ವೇರಾ. ಆ ಬೆಟ್ಟದಲ್ಲಿ ಒಂಬೈನೂರು ಎಕರೆಯ ಒಡೆಯ, ನೂರಿಪ್ಪತ್ತು ದನಗಳ ಯಜಮಾನ. ಮರುವಾರ ಅವನ ಬಾವಿಯ ಪಂಪೂ ಜಯಕರನ ಕೈಗೆ ಬಂತು, ಅದರ ಮರುವರ್ಷ ಬೆಟ್ಟದಲ್ಲಿ ಬೇಟೆಯಾಡುವ ಒಪ್ಪಿಗೆಯೂ.

ಸಿಲ್ವೇರಾನ ಜಾಗದಲ್ಲಿ ಆರು ಜನಕ್ಕೆ ಮಾತ್ರ ಬೇಟೆಯ ಹಕ್ಕು. ಅದಕ್ಕೆ ಬಾಡಿಗೆಯಿಲ್ಲ, ವರ್ಷಕ್ಕೆ ಹದಿನೈದು ದಿನ ಬೇಲಿ ಕಟ್ಟಿಕೊಡಬೇಕು. ಜಯಕರನಿಗೆ ಬೇಲಿಯ ಜತೆ ಪಂಪು. ಸರಕಾರದ ಲೈಸೆನ್ಸು ಪಡೆದು, ಒಂದು ಹಳೆಯ ರೈಫಲ್ಲು ಕೊಂಡು, ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ಕೊನೆಯ ತನಕ ಪ್ರತಿ ವಾರಾಂತ್ಯ ಅವನು ಬೆಟ್ಟ ಹತ್ತುತ್ತಿದ್ದ. ಅಲ್ಲಿ ಅವನು ಯಾರ ಗಂಡನೂ ಅಲ್ಲ, ತ್ಯಾಂಪಣ್ಣ ಶೆಟ್ಟರ ಅಳಿಯ.

ತ್ಯಾಂಪಣ್ಣ ಶೆಟ್ಟರು ಅವನ ಸೋದರಮಾವ. ಕೇಪಿನ ಕೋವಿ ಹೆಗಲಿಗೇರಿಸಿ ಮನೆ ಬಿಟ್ಟರೆ ಕಾಡೇ ಅವರಿಗೆ ದಾರಿ ಬಿಡುತ್ತಿತ್ತು ಅಂತ ಊರ ಮಾತು. ಹದಿನಾರನೇ ವಯಸ್ಸಿನಲ್ಲಿ ಜಯಕರ ಮೊದಲ ಸಲ ಗುರಿ ಹಿಡಿದಾಗ ಎದುರಿಗಿದ್ದ ಜಿಂಕೆ ತಲೆ ತಗ್ಗಿಸಿ ಮೇಯುತ್ತಿತ್ತು. ಮಾವ ಕೋವಿಯ ನಳಿಗೆಯನ್ನು ಅಂಗೈಯಿಂದ ನೆಲಕ್ಕೆ ಒತ್ತಿದರು. "ಉಣ್ಣುವ ಬಾಯಿಗೆ, ಕುಡಿಯುವ ಬಾಯಿಗೆ ಈಡಿಲ್ಲ ಅಳಿಯಾ. ಬಟ್ಟಲ ಮುಂದೆ ಕೂತವನ ಹತ್ತಿರ ಊರಲ್ಲಿ ಯಾರಾದರೂ ಜಗಳ ತೆಗೀತಾರಾ? ಎದ್ದು ಕೈ ತೊಳೆಯಲಿ, ಮತ್ತೆ ನೋಡುವ." ಈಡು ಹಾರಲಿಲ್ಲ, ಜಿಂಕೆ ಮೇದು ಹೊರಟೇಹೋಯಿತು. ಆ ದಿನ ಮನೆಯಲ್ಲಿ ಬರೀ ಹುರುಳಿ ಸಾರು. ಆದರೂ ಆ ಮಾತು ಅವನ ಎದೆಯಲ್ಲಿ ಊರಿಕೊಂಡಿತು. ಐದು ವರ್ಷದಲ್ಲಿ ಸಿಲ್ವೇರಾನ ಬೆಟ್ಟದಲ್ಲಿ ಅವನು ಹೊಡೆದದ್ದು ನಾಲ್ಕೇ ಜಿಂಕೆ. ನಾಲ್ಕೂ ನಡೆಯುವಾಗಲೋ ನಿಂತು ನೋಡುವಾಗಲೋ.

ಎಂಬತ್ತೇಳರ ವರ್ಷ ಮಳೆ ಕೈಕೊಟ್ಟಿತು. ಜುಲೈಗೆಲ್ಲ ಹುಲ್ಲು ಬೂದಿಯ ಹಾಗೆ. ಸಿಲ್ವೇರಾನ ದನಗಳ ಪಕ್ಕೆಲುಬು ದೂರದಿಂದಲೇ ಎಣಿಸಬಹುದಿತ್ತು.

"ಜೇ, ನಿಮ್ಮ ಕಾರ್ಖಾನೆಯಲ್ಲಿ ಎಸೆಯುವ ಹಣ್ಣು ಇದೆಯಲ್ಲ, ಒಂದೆರಡು ಲೋಡು ತಂದು ಹಾಕ್ತೀಯಾ?" ಅಂತ ಮುದುಕ ಕೇಳಿದ. ಅಲ್ಲಿನವರ ಬಾಯಲ್ಲಿ ಜಯಕರ ಬರೀ 'ಜೇ'.

ಅವನು ತಂದ. ಡಬ್ಬಿಗೆ ಸೇರದ ಪೇರ್ ಹಣ್ಣು, ನಮ್ಮಲ್ಲಿ ಮರಸೇಬು ಅನ್ನುತ್ತಾರಲ್ಲ ಅದು, ನಾಲ್ಕು ಲೋಡು. ದೊಡ್ಡ ಓಕ್ ಮರದ ಕೆಳಗೆ, ನೀರಿನ ತೊಟ್ಟಿಯ ಪಕ್ಕ ಸುರಿದ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಊರಿನಲ್ಲಿ ದನಕ್ಕೆ ಅಕ್ಕಿ ತೊಳೆದ ನೀರಿನ ಅಕ್ಕಚ್ಚು ಇಡುವಾಗ ಒಂದು ಹಿಡಿ ಉಪ್ಪು ಬೀಳದಿದ್ದರೆ ಅವನ ಅಮ್ಮನಿಗೆ ಸಮಾಧಾನವಿರಲಿಲ್ಲ. ಸಪ್ಪೆ ಅಕ್ಕಚ್ಚು ಕೊಡುವ ಮನೆಯ ದನ ಕಣ್ಣೀರು ಹಾಕುತ್ತದೆ ಅನ್ನುತ್ತಿದ್ದರು. ಅದೇ ಅಭ್ಯಾಸದಲ್ಲಿ ಅವನು ಒಂದು ಮೂಟೆ ಕಲ್ಲುಪ್ಪು ತಂದು ಹಣ್ಣಿನ ರಾಶಿಯ ಮೇಲೆ ಬಿತ್ತನೆಯ ಹಾಗೆ ಎರಚಿದ. ಸಿಹಿ, ಹುಳಿ, ಅದರ ಮೇಲೆ ಉಪ್ಪು! ದನಗಳೇನೋ ತಿಂದವು. ಮೂರು ಕಣಿವೆಯ ಜಿಂಕೆಗಳೂ ಬಂದವು. ನಲವತ್ತೈದು ವರ್ಷದ ಬೇಟೆಗಾರನಿಗೆ ಇದು ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಅವನ ಕೈ ಅಮ್ಮನ ಕೈಯಾಗಿತ್ತು, ಮಾವನ ಕಣ್ಣು ಆಗ ನಿದ್ದೆ ಹೋಗಿತ್ತು.

ಹೊಳೆದದ್ದು ಕರ್ಟಿಸ್‌ಗೆ. ಅವನು ಮೌಂಟನ್ ವ್ಯೂ ಕಡೆ ಮನೆ ಕಟ್ಟಿಸಿ ಮಾರುವ ಕಂಟ್ರಾಕ್ಟರು, ಆರು ಜನರಲ್ಲಿ ಹೊಸಬ. ಬೇಲಿ ಕಟ್ಟುವ ದಿನ ತನ್ನ ಆಳು ಕಳಿಸುತ್ತಿದ್ದ. ಸೀಸನ್ನಿನ ಮೊದಲ ಶನಿವಾರ ಅವನು ಬೆಟ್ಟ ಹತ್ತಲಿಲ್ಲ. ಓಕ್ ಮರದಿಂದ ಮೂವತ್ತು ಹೆಜ್ಜೆ ದೂರ ಮಡಚುವ ಕುರ್ಚಿ ಬಿಡಿಸಿ ಕೂತ. ಕೈಯಲ್ಲಿ ಸೋಡಾ ಕ್ಯಾನು. ಬೆಳಗ್ಗೆ ಏಳಕ್ಕೊಂದು ಗಂಡು ಜಿಂಕೆ ಬಿತ್ತು.

ಚರ್ಮ ಸುಲಿಯಲು ಜಯಕರನನ್ನೇ ಕರೆದರು, ಅವನ ಕತ್ತಿ ಹರಿತ ಅಂತ. ತಲೆ ತಿರುಗಿಸುವಾಗ ದವಡೆ ಸಡಿಲವಾಗಿ ಬಾಯಿ ತೆರೆಯಿತು. ಒಳಗೆ ಪೇರ್ ಹಣ್ಣಿನ ಅರ್ಧ ಹೋಳು. ಇನ್ನೂ ಅಗಿದಿರಲಿಲ್ಲ. ಅದರ ಮೇಲೆ ಉಪ್ಪಿನ ಎರಡು ಹರಳು.

"ಏನು ಜೇ, ಭೂತ ನೋಡಿದ ಹಾಗೆ ನಿಂತೆ?" ಅಂದ ಕರ್ಟಿಸ್. "ನಿನ್ನ ಹಣ್ಣಿನ ಕೃಪೆ! ಒಳ್ಳೆ ಐಡಿಯಾ ಮಾಡಿದೆ ಕಣಯ್ಯ."

ಜಯಕರ ಕತ್ತಿ ಒರೆಸಿ ಕೆಳಗಿಟ್ಟ. ಉಳಿದದ್ದನ್ನು ಬೇರೆಯವರು ಸುಲಿದರು.

ಮನೆಗೆ ಬಂದವನು ಊಟಕ್ಕೆ ಕೂತು ಅನ್ನ ಕಲಸಿ ಹಾಗೇ ಬಿಟ್ಟ. ರತ್ನಾವತಿ ಎರಡು ಸಲ ನೋಡಿದಳು. "ಎಂತದ್ದು? ಮೀನು ಸಾರಿಗೆ ಉಪ್ಪು ಕಮ್ಮಿ ಆಯ್ತಾ?"

"ಉಪ್ಪಿನ ಸುದ್ದಿ ಎತ್ಬೇಡ ಮಾರಾಯ್ತಿ."

ನಡೆದದ್ದನ್ನೆಲ್ಲ ಹೇಳಿದ. ಆ ಹೊತ್ತಿಗೆ ಪಕ್ಕದ ಮನೆಯ ಶೇಷಾದ್ರಿ ಏಣಿ ಕೇಳಲು ಬಂದಿದ್ದರು. ಮೈಸೂರಿನವರು, ಇಂಜಿನಿಯರು, ಈರುಳ್ಳಿಯನ್ನೂ ಯೋಚನೆ ಮಾಡಿ ತಿನ್ನುವವರು. ಬಾಗಿಲಲ್ಲೇ ನಿಂತು ಕೇಳಿಸಿಕೊಂಡು ನಕ್ಕರು.

"ಅಲ್ಲ ಶೆಟ್ರೇ, ಕೊಲ್ಲೋದು ಅಂದ್ಮೇಲೆ ಕೊಲ್ಲೋದೇ ಅಲ್ವೇನ್ರೀ? ಊಟ ಹಾಕಿ ಕೊಂದ್ರೆ ಪಾಪ, ಉಪವಾಸ ಇಟ್ಟು ಕೊಂದ್ರೆ ಪುಣ್ಯಾನಾ? ಯಾವ ಲಾಜಿಕ್ಕು ಇದು?"

"ಶೇಷಾದ್ರಿಗಳೇ, ನೀವು ತಿನ್ನುವುದಿಲ್ಲ, ನಿಮ್ಮ ಮಾತು ನೇರ ಉಂಟು. ನಾನು ತಿನ್ನುವವ. ತಿನ್ನುವವನಿಗೇ ಅಲ್ವಾ ನಿಯಮ ಬೇಕಾದ್ದು?"

ಶೇಷಾದ್ರಿ ಏಣಿ ಹೊತ್ತುಕೊಂಡು ಹೋದರು. ರತ್ನಾವತಿ ಬಟ್ಟಲು ಅವನ ಮುಂದೆ ಸರಿಸಿದಳು. "ನೀವು ಸುರಿದದ್ದು, ನೀವೇ ನಿಲ್ಲಿಸಿ. ಇಲ್ಲಿ ಕೂತು ಅನ್ನದ ಮೇಲೆ ಸಿಟ್ಟು ಮಾಡಿದರೆ ಆ ಕರ್ಟಿಸ್‌ನ ಕುರ್ಚಿ ಮುರೀತದಾ?"

ಸೆಪ್ಟೆಂಬರ್ ಎರಡನೇ ಭಾನುವಾರ ಸಿಲ್ವೇರಾ ಆರೂ ಜನರನ್ನು ಹುಲ್ಲಿನ ಕೊಟ್ಟಿಗೆಗೆ ಕರೆಸಿದ. ಮೇವಿಟ್ಟು ಜಿಂಕೆ ಹೊಡೆಯಬಾರದು ಅಂತ ಆ ರಾಜ್ಯದಲ್ಲಿ ಕಾನೂನಿದೆ. ದನ ಸಾಕಿದವನು ದನಕ್ಕೆ ಮೇವು ಹಾಕಬಾರದು ಅಂತ ಕಾನೂನಿಲ್ಲ. ಆ ಎರಡರ ನಡುವಿನ ಸಂದಿಯಲ್ಲೇ ಕರ್ಟಿಸ್ ಕುರ್ಚಿ ಹಾಕಿದ್ದ. ಈಗ ಅದನ್ನು ಪದ್ಧತಿ ಮಾಡಬೇಕು ಅನ್ನುವುದು ಅವನ ಬೇಡಿಕೆ.

"ವಾರಕ್ಕೊಂದು ಲೋಡು," ಅಂದ ಕರ್ಟಿಸ್. "ಮರದ ಸುತ್ತ ನಾಲ್ಕು ಜಾಗ ಗುರುತು ಮಾಡೋಣ, ಸರದಿ ಪ್ರಕಾರ ಕೂರೋಣ. ಯಾರೂ ಬರಿಗೈಯಲ್ಲಿ ಮನೆಗೆ ಹೋಗಬೇಕಾಗಿಲ್ಲ. ಗೇಟಿಗೆ ಬೀಗ ಇದೆ, ಒಳಗಿನ ಮಣ್ಣು ಇವರದ್ದು. ಸರಕಾರಕ್ಕೆ ಇಲ್ಲೇನು ಕೆಲಸ?"

ಇಬ್ಬರು ತಲೆದೂಗಿದರು. ಆಮೇಲೆ ಬ್ರೂನೋ ಬಾಯಿ ಬಿಟ್ಟ. ಅರವತ್ತೆಂಟು ವರ್ಷದ ಇಟಾಲಿಯನ್, ಹಿಂದೆ ಜರ್ದಾಳು ತೋಟ ಮಾಡಿದ್ದವನು, ಯಾರಿಗೂ ಕೇಡು ಬಯಸದವನು.

"ಜೇ, ನನ್ನ ಎರಡು ಮೊಣಕಾಲೂ ಹೋಗಿವೆ. ಹೋದ ವರ್ಷ ದೂರದಿಂದ ಹೊಡೆದೆ, ಕಾಲಿಗೆ ಬಿತ್ತು. ಮೂರು ಕಾಲಿನಲ್ಲಿ ಅದು ಓಡಿದ್ದು ಇನ್ನೂ ನನ್ನ ಕಣ್ಣಲ್ಲಿದೆ. ಮೂವತ್ತು ಹೆಜ್ಜೆಯಿಂದ ಹೊಡೆದರೆ ಅದಕ್ಕೂ ನರಳಾಟ ಇಲ್ಲ, ನನಗೂ ಇಲ್ಲ. ಇದರಲ್ಲಿ ತಪ್ಪೇನು, ನೀನೇ ಹೇಳು."

ಆ ಮಾತಿಗೆ ತೂಕವಿತ್ತು. ಜಯಕರ ಟೋಪಿ ತೆಗೆದು ಬ್ರೂನೋನ ಎದುರಿಗೆ ಬಂದ. ಅವನ ಇಂಗ್ಲಿಷು ಕಾರ್ಖಾನೆಯ ಇಂಗ್ಲಿಷು. ಆದರೆ ಸಿಟ್ಟು ಬಂದಾಗ ಅದಕ್ಕೂ ಕಾಲು ಬರುತ್ತಿತ್ತು.

"ಬ್ರೂನೋ, ನಿನ್ನ ಮೊಣಕಾಲಿಗೆ ಬೇರೆ ದಾರಿ ಹುಡುಕುವ, ನಾನು ಹುಡುಕ್ತೇನೆ. ಆದರೆ ಊಟಕ್ಕೆ ಕರೆದು ಕೊರಳು ಕೊಯ್ಯುವುದು ಬೇಟೆ ಅಲ್ಲ. ಬೇಟೆ ಅಂದ್ರೆ ಅದಕ್ಕೆ ಓಡ್ಲಿಕ್ಕೆ ಒಂದು ದಾರಿ ಬೇಕು, ನನಗೆ ಸೋಲ್ಲಿಕ್ಕೆ ಒಂದು ದಾರಿ ಬೇಕು. ಎರಡೂ ಮುಚ್ಚಿದ ಮೇಲೆ ಅದು ಕಸಾಯಿಖಾನೆ. ಕಸಾಯಿಖಾನೆಗೆ ಇಷ್ಟು ದೊಡ್ಡ ಬೆಟ್ಟ ಯಾಕೆ?"

"ಯಾರು ಮಾತಾಡ್ತಿರೋದು ನೋಡಿ!" ಕರ್ಟಿಸ್ ಎದ್ದುನಿಂತ. "ನಿನ್ನ ಟ್ರಕ್ಕು, ನಿನ್ನ ಹಣ್ಣು, ನಿನ್ನ ಉಪ್ಪು. ಈಗ ಪಾದ್ರಿಯ ಹಾಗೆ ಉಪದೇಶ ಮಾಡ್ತೀಯಾ?"

"ಹೌದು, ನಾನೇ ಸುರಿದದ್ದು," ಅಂದ ಜಯಕರ. "ದನಕ್ಕೆ ಅಂತ ಸುರಿದೆ, ಜಿಂಕೆಗೆ ಕೇಡಾಯಿತು. ತಪ್ಪು ನಂದು. ಅದಕ್ಕೇ ನಿಲ್ಲಿಸಬೇಕಾದವನೂ ನಾನೇ. ಇನ್ನೊಂದು ಕೇಳು. ಈಗ ಹದಿನೈದು ದಿನದಿಂದ ರಾಶಿಯ ಹತ್ತಿರ ಹಗಲು ಒಂದಾದರೂ ಜಿಂಕೆ ಕಂಡಿದೆಯಾ? ಮೊದಲ ವಾರ ಅವಕ್ಕೆ ಗೊತ್ತಿರಲಿಲ್ಲ. ಈಗ ನಿನ್ನ ಸೋಪಿನ ವಾಸನೆ, ಕುರ್ಚಿಯ ವಾಸನೆ ಎಲ್ಲ ಗೊತ್ತಾಗಿದೆ. ಕತ್ತಲಾದ ಮೇಲೆ ಬಂದು ತಿಂದು ಹೋಗ್ತವೆ. ನೀನು ಹಗಲು ಕಾವಲು ಕಾಯ್ತಾ ಇದ್ದೀ."

ಒಬ್ಬಿಬ್ಬರು ನಕ್ಕರು. ಕರ್ಟಿಸ್‌ನ ಕಿವಿ ಕೆಂಪಾಯಿತು.

ಇಷ್ಟು ಹೊತ್ತೂ ಹುಲ್ಲಿನ ಪಿಂಡಿಯ ಮೇಲೆ ಕೂತಿದ್ದ ಸಿಲ್ವೇರಾ ಊರುಗೋಲನ್ನು ನೆಲಕ್ಕೆ ಕುಟ್ಟಿದ. ಅವನಿಗೆ ಆಗ ಎಪ್ಪತ್ನಾಲ್ಕು. "ಮಾತು ಸಾಕು. ಸೀಸನ್ನಿನ ಕೊನೆಯ ಶನಿವಾರ, ಭಾನುವಾರ. ಕರ್ಟಿಸ್ ರಾಶಿಯ ಹತ್ತಿರ ಕೂರಲಿ, ಜೇ ತನ್ನ ರೀತಿಯಲ್ಲಿ ಹೋಗಲಿ. ಯಾರಿಗೆ ಮೊದಲು ಗಂಡು ಬೀಳುತ್ತೋ ನನ್ನ ಬೆಟ್ಟದಲ್ಲಿ ಅವರ ಪದ್ಧತಿ. ಜೇ ಸೋತರೆ ಮುಂದಿನ ವರ್ಷದಿಂದ ವಾರವಾರ ಹಣ್ಣು ತಂದು ಸುರಿಯುವವನೂ ಜೇನೇ. ಒಪ್ಪಿಗೆಯಾ?"

ಸೋತರೆ ಬೆಟ್ಟ ಬಿಟ್ಟು ಹೋದರಾಯಿತು ಅಂತ ಜಯಕರ ಅಂದುಕೊಂಡಿದ್ದ. ಮುದುಕ ಆ ಬಾಗಿಲನ್ನೂ ಮುಚ್ಚಿದ್ದ. ಒಪ್ಪಿದರೆ ಮಾತು ಉಳಿಸಿಕೊಳ್ಳಬೇಕು. ತನ್ನ ಕೈಯಾರೆ, ವಾರವಾರ, ಜಿಂಕೆಯ ಬಾಯಿಗೆ ಹಣ್ಣಿಟ್ಟು ಕರ್ಟಿಸ್‌ನ ಕೋವಿಗೆ ಒಪ್ಪಿಸಬೇಕು.

"ಒಪ್ಪಿಗೆ," ಅಂದ.

ಕೊನೆಯ ಶನಿವಾರ ಬೆಳಗಿನಿಂದ ಸಂಜೆಯ ತನಕ ಅವನು ಪೂರ್ವದ ಏರು ಜಾಲಾಡಿದ. ಕಂಡದ್ದು ನಾಲ್ಕು ಹೆಣ್ಣು, ಎರಡು ಮರಿ. ಕರ್ಟಿಸ್ ಎಲ್ಲಿಂದಲೋ ಒಂದು ಲೋಡು ಹೊಸ ಸೇಬು ತರಿಸಿ ಸುರಿದಿದ್ದ. ಅವನಿಗೂ ಏನೂ ಬೀಳಲಿಲ್ಲ. ಆದರೆ ಸೂರ್ಯ ಮುಳುಗುವ ಹೊತ್ತಿಗೆ ಒಂದು ದೊಡ್ಡ ಕೊಂಬು ಪೊದೆಯಾಚೆ ಅಲ್ಲಾಡಿತಂತೆ. "ನಾಳೆ ಬರ್ತಾನೆ," ಅಂತ ಕರ್ಟಿಸ್ ಬೆರಳು ಮಡಚಿ ಕೋವಿ ಮಾಡಿ ತೋರಿಸಿದ.

ಭಾನುವಾರ ಬೆಳಗ್ಗೆ ರತ್ನಾವತಿ ಬುತ್ತಿ ಕಟ್ಟಿ ಕೈಗಿಟ್ಟಳು. "ಗೆಲ್ಲದೆ ಬಂದರೆ ಬಾಗಿಲು ತೆಗಿಯೂದಿಲ್ಲ ಅಂತ ಹೇಳುವವಳು ನಾನಲ್ಲ. ಬನ್ನಿ, ತೆಗೀತೇನೆ. ಆದರೆ ನಿಮ್ಮ ಮುಖ ಆ ಅನ್ನ ಕಲಸಿ ಬಿಟ್ಟ ದಿನದ ಹಾಗೆ ಇದ್ದರೆ ಮಾತ್ರ ಹೊರಗೇ ಮಲಗಿ."

ಆ ದಿನ ಸಾಕ್ಷಿಗೆ ಅಂತ ಸಿಲ್ವೇರಾನೇ ಜತೆಗೆ ಹೊರಟ. ಜೀಪು ಹೋಗುವ ತನಕ ಜೀಪಿನಲ್ಲಿ, ಆಮೇಲೆ ಊರುಗೋಲಿನಲ್ಲಿ. ಜಯಕರ ಮುಂಜಾನೆಯ ಬೇಟೆಗೆ ಹೋಗಲೇ ಇಲ್ಲ. ಉತ್ತರದ ಕಣಿವೆಯ ನೆತ್ತಿಗೆ ಬಂದು ನೆಲ ನೋಡುತ್ತ ನಡೆದ. ಒಂದು ಕಡೆ ಕುಳಿತು ಹಿಕ್ಕೆ ಎತ್ತಿ ಬೆರಳಲ್ಲಿ ಒಡೆದ. ಹುಲ್ಲು, ಸೊಪ್ಪು ತಿಂದ ಜಿಂಕೆಯ ಹಿಕ್ಕೆ ಬಿಡಿಬಿಡಿ, ಕಡಲೆಯ ಹಾಗೆ. ಇದು ಅಂಟಿಕೊಂಡು ಉಂಡೆಯಾಗಿತ್ತು.

"ಹಣ್ಣು ತಿಂದವನು," ಅಂದ ಮೆಲ್ಲಗೆ. "ರಾತ್ರಿ ಅಲ್ಲಿ ಊಟ, ಹಗಲು ಇಲ್ಲಿ ನಿದ್ದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ತೊಟ್ಟಿಯ ಹತ್ತಿರ ಕರ್ಟಿಸ್ ಇದ್ದಾನೆ. ಹಾಗಾದ್ರೆ ಮಧ್ಯಾಹ್ನ ಈ ಕಣಿವೆಯ ಒರತೆಗೇ ಬರಬೇಕು."

ಮುದುಕ ಕಣ್ಣು ಕಿರಿದು ಮಾಡಿದ. "ಅಂದರೆ ನಿನ್ನ ಉಪ್ಪು ನಿನಗೇ ಸಹಾಯ ಮಾಡ್ತಾ ಇದೆ!"

"ಹೌದು. ಅದಕ್ಕೇ ಒರತೆಯ ಹತ್ತಿರ ನಾನು ಕೋವಿ ಎತ್ತೂದಿಲ್ಲ. ಕುಡಿದು, ಎದ್ದು, ತನ್ನ ದಾರಿ ಹಿಡೀಲಿ."

ಒರತೆಯಿಂದ ಮೇಲೆ ಹೋಗಲು ಎರಡು ದಾರಿ. ಎಡಕ್ಕೆ ದಟ್ಟ ಪೊದೆ; ಅಲ್ಲಿ ಹೊಕ್ಕರೆ ದೇವರಿಗೂ ಕಾಣುವುದಿಲ್ಲ. ಬಲಕ್ಕೆ ಎರಡು ದಿಬ್ಬಗಳ ನಡುವಿನ ಬಯಲು ಗಂಡಿ. ಬುದ್ಧಿಯಿರುವ ಗಂಡು ಎಡಕ್ಕೇ ಹೋಗುತ್ತದೆ. ಜಯಕರ ಮೈಮೇಲಿನ ಕಾರ್ಖಾನೆಯ ಅಂಗಿ ಬಿಚ್ಚಿದ. ಎರಡು ದಿನದ ಬೆವರು, ಗ್ರೀಸು ಅದರಲ್ಲಿತ್ತು. ಒರತೆಗೆ ದೂರದಿಂದ ಸುತ್ತು ಹಾಕಿ, ಎಡದ ದಾರಿಯ ಬಾಯಲ್ಲಿ ಒಂದು ಕೊಂಬೆಗೆ ಅದನ್ನು ನೇತುಹಾಕಿ ಬಂದ. ತ್ಯಾಂಪಣ್ಣ ಶೆಟ್ಟರು ಹಂದಿಯ ದಾರಿ ತಿರುಗಿಸಲು ಮಾಡುತ್ತಿದ್ದ ಕೆಲಸ ಅದು; ಪ್ರಾಣಿಯನ್ನು ಪೊದೆಯಿಂದ ಎಬ್ಬಿಸಿ ಸೋವುವ ಆಳು ಕಡಿಮೆಯಾದಾಗ ಬೆವರಿನ ಅಂಗಿಯೇ ಅವರಿಗೆ ಆಳು. ಆಮೇಲೆ ಗಂಡಿಯಿಂದ ಎಂಬತ್ತು ಹೆಜ್ಜೆ ದೂರದ ಬಂಡೆಯ ಹಿಂದೆ ಬರೀ ಬನಿಯನ್ನಿನಲ್ಲಿ ಕೂತ. ಪಕ್ಕದಲ್ಲಿ ಸಿಲ್ವೇರಾ.

ಹನ್ನೊಂದಾಯಿತು. ಹನ್ನೆರಡಾಯಿತು. ಬಂಡೆ ಕಾವಲಿಯ ಹಾಗೆ ಕಾದಿತ್ತು. ಕೆಳಗಿನಿಂದ ಕರ್ಟಿಸ್‌ನ ಈಡು ಯಾವ ಕ್ಷಣದಲ್ಲಾದರೂ ಕೇಳಬಹುದು. ಒಂದು ಹದ್ದು ಕೂಗಿದರೂ ಜಯಕರ ಕೆಳಗೆ ತಿರುಗಿ ನೋಡುತ್ತಿದ್ದ.

ಹನ್ನೆರಡೂವರೆಗೆ ನೆರಳು ಅಲ್ಲಾಡಿತು. ನೆರಳಿನಿಂದ ಕೊಂಬು ಬಿಡಿಸಿಕೊಂಡಿತು. ಎರಡೂ ಕಡೆ ನಾಲ್ಕು ನಾಲ್ಕು ಕವಲು, ಎಮ್ಮೆಕರುವಿನಂಥ ಕುತ್ತಿಗೆ. ಒರತೆಯ ಅಂಚಿಗೆ ಬಂದು ಮುಂಗಾಲು ಅಗಲಿಸಿ ಬಾಯಿ ಹಾಕಿತು. ಅಡ್ಡಕ್ಕೆ, ಬಯಲಿಗೆ, ಅಲ್ಲಾಡದೆ ನಿಂತಿತ್ತು. ಸಣ್ಣ ಮಗುವಿಗೂ ಆ ಗುರಿ ತಪ್ಪುವಂತಿರಲಿಲ್ಲ.

ಸಿಲ್ವೇರಾ ಮೊಣಕೈಯಲ್ಲಿ ತಿವಿದ. "ಹೊಡಿ!"

ಜಯಕರ ಅಲ್ಲಾಡಲಿಲ್ಲ.

"ಹೊಡಿಯೋ, ಹುಚ್ಚಾ! ಹೋಗಿಬಿಟ್ಟರೆ ವರ್ಷವರ್ಷ ಹಣ್ಣು ಹೊರಬೇಕಾಗುತ್ತೆ!"

"ಕುಡೀಲಿ," ಅಂತ ತುಟಿಯಲ್ಲೇ ಹೇಳಿದ.

ಜಿಂಕೆ ಕುಡಿಯಿತು. ಅದೇನು ಬಾಯಾರಿಕೆಯೋ, ಕೊಡ ತುಂಬುವಷ್ಟು ಹೊತ್ತು ಕುಡಿಯಿತು. ಬೆವರು ಅವನ ಕಣ್ಣಿಗೆ ಇಳಿದು ಉರಿಯಿತು. ಒರೆಸಿಕೊಳ್ಳಲಿಲ್ಲ. ಕಡೆಗೆ ತಲೆ ಎತ್ತಿ, ಗದ್ದದಿಂದ ನೀರು ತೊಟ್ಟಿಕ್ಕಿಸುತ್ತ, ಅದು ಎಡಕ್ಕೆ ತಿರುಗಿತು. ನಾಲ್ಕು ಹೆಜ್ಜೆ, ಐದು. ಮುದುಕ ಊರುಗೋಲು ಹಿಡಿದ ಕೈಯನ್ನು ಹಣೆಗೆ ಒತ್ತಿಕೊಂಡ.

ಆರನೆಯ ಹೆಜ್ಜೆಗೆ ಮೂಗು ಅರಳಿತು. ಗಾಳಿಯಲ್ಲಿ ಮನುಷ್ಯ! ಒಂದು ಫೂತ್ಕಾರ, ಗಾಳಿಯಲ್ಲೇ ಮೈ ತಿರುವಿ ಬಲಕ್ಕೆ ಹಾರಿತು. ಕಲ್ಲು ಕಿತ್ತುಕೊಂಡು ಏರಿಗೆ ಏರು ನೆಗೆಯಿತು. ಓಡುವಾಗಲೂ ಜಯಕರ ಹೊಡೆಯಲಿಲ್ಲ. ಗಾಯ ಮಾಡಿ ಕಳಿಸುವುದು ಅವನಿಗೆ ಬೇಡವಾಗಿತ್ತು. 'ದಿಬ್ಬದ ಮೇಲೆ ಒಮ್ಮೆ ತಿರುಗಿ ನೋಡದೆ ಗಂಡು ಜಿಂಕೆ ಊರು ಬಿಡುವುದಿಲ್ಲ' ಅಂತ ಮಾವ ಹೇಳುತ್ತಿದ್ದದ್ದು ನಮ್ಮ ಘಟ್ಟದ ಜಿಂಕೆಗೆ. ಸಮುದ್ರದಾಚೆಯ ಜಿಂಕೆಗೂ ಅದು ಗೊತ್ತಿದೆಯೋ ಇಲ್ಲವೋ ಎಂಬುದರ ಮೇಲೆ ಅವನ ಸೋಲು ಗೆಲುವು ನಿಂತಿತ್ತು.

ಗಂಡಿಯ ನಡುವೆ, ಬಾನಿಗೆ ಎದುರಾಗಿ, ಜಿಂಕೆ ನಿಂತಿತು. ತಿರುಗಿ ನೋಡಿತು. ಹೊಟ್ಟೆ ತುಂಬಿತ್ತು, ಬಾಯಿ ಖಾಲಿಯಿತ್ತು, ನಾಲ್ಕು ದಿಕ್ಕಿಗೂ ದಾರಿ ತೆರೆದಿತ್ತು.

ಈಡು ಹಾರಿತು. ಒಂದೇ. ಜಿಂಕೆ ನಿಂತಲ್ಲೇ ಮಂಡಿಯೂರಿ ಮಲಗಿತು. ಒದ್ದಾಡಲಿಲ್ಲ.

ಕಣಿವೆ ಆ ಸದ್ದನ್ನು ಮೂರು ಸಲ ಹೇಳಿತು. ಸಿಲ್ವೇರಾ ಎದ್ದುನಿಂತು ಟೋಪಿಯನ್ನು ಆಕಾಶಕ್ಕೆ ಎಸೆದ. ಎಪ್ಪತ್ನಾಲ್ಕರ ಮುದುಕ ಬನಿಯನ್ ತೊಟ್ಟ ಶೆಟ್ಟಿಯನ್ನು ಎರಡೂ ಕೈಯಲ್ಲಿ ತಬ್ಬಿ, ಪೋರ್ಚುಗೀಸಿನಲ್ಲಿ ಬಯ್ದ. ಈ ಸಲ ಅದು ಬೈಗುಳವಲ್ಲ ಅಂತ ಜಯಕರನಿಗೆ ತಿಳಿಯಿತು. ಅವನು ಜಿಂಕೆಯ ಹತ್ತಿರ ಹೋಗಿ, ಹಣೆ ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ಎದ್ದು, ಎದೆ ತುಂಬ ಉಸಿರೆಳೆದುಕೊಂಡು, ಬಜಗೋಳಿಯ ಗುಡ್ಡದಲ್ಲಿ ಗೆದ್ದವರು ಕೂಗುವ ಹಾಗೆ ಒಂದು 'ಕೂ' ಹಾಕಿದ.

ಜೀಪು ಇಳಿದು ಬಂದಾಗ ಓಕ್ ಮರದ ಹತ್ತಿರ ಎಲ್ಲರೂ ಸೇರಿದ್ದರು. ಸೇಬಿನ ರಾಶಿಯ ಮೇಲೆ ನೊಣ ಗುಂಯ್‌ಗುಡುತ್ತಿತ್ತು. ಕರ್ಟಿಸ್ ಬಂದು ಕೊಂಬಿನ ಕವಲು ಎಣಿಸಿದ, ಇನ್ನೊಮ್ಮೆ ಎಣಿಸಿದ.

"ಎಲ್ಲಿ ಹೊಡೆದ?" ಅಂತ ಸಿಲ್ವೇರಾನನ್ನು ಕೇಳಿದ. "ನೀರಿನ ಹತ್ತಿರ ತಾನೇ?"

"ನೀರಿನ ಹತ್ತಿರ ನಾನಾಗಿದ್ದರೆ ಹತ್ತು ಸಲ ಹೊಡೆದಿರುತ್ತಿದ್ದೆ," ಅಂದ ಮುದುಕ. "ಇವನು ಅದು ಕುಡಿದು ಮುಗಿಸುವ ತನಕ ಕಾದ. ನನ್ನ ಎದೆ ನಿಂತುಹೋಗುವುದೊಂದು ಬಾಕಿ. ಅರವತ್ತು ವರ್ಷದಿಂದ ಈ ಬೆಟ್ಟದಲ್ಲಿ ಕೋವಿ ಹಿಡಿದಿದ್ದೇನೆ. ಬೇಟೆ ಅಂದರೆ ಏನು ಅಂತ ಇವತ್ತು ನೋಡಿದೆ. ಇನ್ನು ನನ್ನ ಗೇಟಿನೊಳಗೆ ರಾಶಿ ಹಾಕಿ ಯಾರೂ ಕೂರಕೂಡದು. ಕೇಳಿಸಿತಾ?"

ಬ್ರೂನೋ ಮೊದಲು ಚಪ್ಪಾಳೆ ತಟ್ಟಿದ. ಉಳಿದವರೂ ತಟ್ಟಿದರು.

ಜಯಕರ ಮಾಂಸವನ್ನು ಏಳು ಪಾಲು ಮಾಡಿದ. ಬೇಟೆಗೆ ಹೊರಟ ಎಲ್ಲರಿಗೂ ಸಮಪಾಲು, ಬರಿಗೈಯಲ್ಲಿ ಬಂದವನಿಗೂ. ನೆಲದ ಒಡೆಯನಿಗೆ ತೊಡೆ. ಇದು ಮಾವನ ಮನೆಯ ಲೆಕ್ಕ. ಆರನೆಯ ಪಾಲನ್ನು ಕಾಗದದಲ್ಲಿ ಸುತ್ತಿ ಕರ್ಟಿಸ್‌ನ ಮುಂದೆ ಹಿಡಿದ.

"ನನಗೆ ಯಾಕೆ?" ಅಂದ ಕರ್ಟಿಸ್. "ನಾನು ನಿನ್ನ ವಿರುದ್ಧ ಕೂತವನು."

"ವಿರುದ್ಧ ಕೂತರೂ ಬೇಟೆಗೇ ಅಲ್ವಾ ಕೂತದ್ದು? ತಗೋ. ಒಂದಿಷ್ಟು ಕಾಳುಮೆಣಸು ಹಾಕಿ ಬೇಯಿಸಲಿಕ್ಕೆ ಹೇಳು ಹೆಂಡತಿಗೆ."

ಕರ್ಟಿಸ್ ತೆಗೆದುಕೊಂಡ. ಅದನ್ನು ತನ್ನ ಟ್ರಕ್ಕಿನ ಸೀಟಿನ ಮೇಲಿಟ್ಟ. ಆಮೇಲೆ ಆಳನ್ನು ಕರೆಯಲಿಲ್ಲ, ತಾನೇ ಸಲಿಕೆ ಎತ್ತಿಕೊಂಡು ರಾಶಿಯನ್ನು ಟ್ರಕ್ಕಿಗೆ ತುಂಬಲು ಶುರು ಮಾಡಿದ. ನಾಲ್ಕು ಸಲಿಕೆ ಆಗುವುದರೊಳಗೆ ಬೆನ್ನು ಹಿಡಿದುಕೊಂಡ. ಜಯಕರ ಇನ್ನೊಂದು ಸಲಿಕೆ ತಂದು ಎದುರಿಗೆ ನಿಂತ. ಇಬ್ಬರೂ ನೆಲ ಕಾಣುವ ತನಕ ಎತ್ತಿದರು. ಸಿಲ್ವೇರಾ ಮರುದಿನವೇ ಪಿಂಡಿ ಹುಲ್ಲು ತರಿಸಿ ದನಗಳನ್ನು ಬೇಲಿಯೊಳಗಿನ ಕೊಟ್ಟಿಗೆಗೆ ಹೊಡೆಸಿದ.

ಆದರೆ ಬ್ರೂನೋಗೆ ಕೊಟ್ಟ ಮಾತೊಂದು ಬಾಕಿಯಿತ್ತು. ಚಳಿಗಾಲದಲ್ಲಿ ಬೇಲಿ ಕಟ್ಟುವ ಹದಿನೈದು ದಿನ ಮುಗಿದ ಮೇಲೆ ಜಯಕರ ಇನ್ನೂ ಐದು ಭಾನುವಾರ ಬೆಟ್ಟಕ್ಕೆ ಹೋದ. ಗುದ್ದಲಿ ಹಿಡಿದು ಗಂಡಿಯ ಹತ್ತಿರದ ಬಂಡೆಯ ತನಕ ಜೀಪಿಗೆ ದಾರಿ ಕಡಿದ. ಮೂರನೇ ಭಾನುವಾರದಿಂದ ಕರ್ಟಿಸೂ ಬಂದ, ಈ ಸಲ ಆಳಿಲ್ಲದೆ.

ಎಂಬತ್ತೆಂಟರ ಆಗಸ್ಟಿನಲ್ಲಿ, ಸೀಸನ್ನಿನ ಮೊದಲ ಶನಿವಾರ ಬೆಳಗ್ಗೆ ಬ್ರೂನೋ ಆ ಬಂಡೆಯ ಮೇಲೆ ದಿಂಬು ಹಾಕಿಕೊಂಡು ಕೋವಿ ಹಿಡಿದು ಕೂತ. ಜಯಕರ ಕೋವಿಯನ್ನು ಮನೆಯಲ್ಲೇ ಬಿಟ್ಟುಬಂದಿದ್ದ. ಆ ದಿನ ಅವನು ಸೋವುವ ಆಳು. ಕಣಿವೆಯ ತಳದಿಂದ ಪೊದೆ ಬಡಿಯುತ್ತ, ಕೆಮ್ಮುತ್ತ, ತುಳುವಿನಲ್ಲಿ ಜಿಂಕೆಗಳಿಗೆ ಏಳಿರಪ್ಪಾ ಏಳಿ ಅನ್ನುತ್ತ, ಮೆಲ್ಲಗೆ ಏರಿ ಬಂದ. ಅರ್ಧ ದಾರಿಯಲ್ಲಿದ್ದಾಗ ಮೇಲಿನಿಂದ ಒಂದೇ ಒಂದು ಈಡಿನ ಸದ್ದು. ಜಯಕರ ಪೊದೆ ಬಡಿಯುವುದು ನಿಲ್ಲಿಸಿ ಕಿವಿಗೊಟ್ಟ. ಎರಡನೆಯದು ಕೇಳಿಸಲಿಲ್ಲ.

ಆಮೇಲೆ ಗಂಡಿಯ ಮೇಲಿನಿಂದ, ಅರವತ್ತೊಂಬತ್ತು ವರ್ಷದ ಇಟಾಲಿಯನ್ ಗಂಟಲಿನಿಂದ, ಬಜಗೋಳಿಯ 'ಕೂ' ಬಂತು. ರಾಗ ಸ್ವಲ್ಪ ತಪ್ಪಿತ್ತು. ಬೆಟ್ಟಕ್ಕೆ ಅದು ಗೊತ್ತಾಗಲಿಲ್ಲ. ಮೂರು ಸಲ ಹೇಳಿತು.